ಹಿಂದೆ ಬಿದ್ದವರು ಪ್ರೈಮರಿ ಕಣದಲ್ಲಿ ಉಳಿಯಬೇಕಾ? 2008ರ ಹಿಲರಿ ಕತೆಯಿಂದ ಶುರು ಮಾಡೋಣ

ಇಂಡಿಯಾನಾ ಕನ್ನಡತಿ:

ಮೊನ್ನೆ ನಮ್ಮ ಕನ್ನಡ ಕೂಟದ ಊಟದಲ್ಲಿ ಒಂದು ವಾದ ಎದ್ದಿತು. ಅರ್ಧಕ್ಕೇ ನಿಂತಿತು. ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ. ಪ್ರಶ್ನೆ ಇಷ್ಟೇ. ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಒಳಚುನಾವಣೆಯಲ್ಲಿ, ಅಂದರೆ ಪ್ರೈಮರಿಯಲ್ಲಿ ಹಿಂದೆ ಬಿದ್ದವರು, ಗೆಲ್ಲುವ ದಾರಿ ಹೆಚ್ಚುಕಮ್ಮಿ ಮುಚ್ಚಿದೆ ಅಂತ ಗೊತ್ತಾದ ಮೇಲೂ ಕಣದಲ್ಲಿ ಇರಬೇಕಾ, ಬೇಡವಾ? ಅಲ್ಲಿದ್ದ ಒಬ್ಬರು "ಸೋತವರು ಮರ್ಯಾದೆಯಾಗಿ ಮನೆಗೆ ಹೋಗಬೇಕು, ಇಲ್ಲದಿದ್ದರೆ ಪಕ್ಷಕ್ಕೇ ನಷ್ಟ" ಅಂದರು. ಸುಮಾರು ಜನ ತಲೆಯಾಡಿಸಿದರು. ನನಗೆ ಒಪ್ಪಲು ಆಗಲಿಲ್ಲ.

ಯಾಕೆ ಅಂದರೆ 2008ರ ವಸಂತದಲ್ಲಿ ನಾನು ಇಂಡಿಯಾನಾಪೊಲಿಸ್‌ನಲ್ಲಿದ್ದೆ. ಒಬಾಮಾ ಮತ್ತು ಹಿಲರಿ ಕ್ಲಿಂಟನ್ ನಡುವೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗೆ ಪೈಪೋಟಿ ನಡೆಯುತ್ತಿದ್ದ ವರ್ಷ. ಜನವರಿ 3ಕ್ಕೆ ಅಯೋವಾದಲ್ಲಿ ಒಬಾಮಾ ಗೆದ್ದರು, ಹಿಲರಿ ಮೂರನೇ ಸ್ಥಾನ. ಐದೇ ದಿನಕ್ಕೆ ನ್ಯೂ ಹ್ಯಾಂಪ್‌ಶೈರ್. ಸಮೀಕ್ಷೆಗಳೆಲ್ಲ ಒಬಾಮಾ ಅಂದಿದ್ದವು, ಗೆದ್ದದ್ದು ಹಿಲರಿ. ಫೆಬ್ರವರಿ 5ರಂದು ಒಂದೇ ದಿನ ಇಪ್ಪತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ ಮತದಾನ ಆಯಿತು, ಇಬ್ಬರೂ ಸಮಸಮ. ಅದಾದ ಮೇಲೆ ಒಬಾಮಾ ಸಾಲಾಗಿ 11 ಕಡೆ ಗೆದ್ದರು. ಅಲ್ಲಿಂದ ಶುರುವಾಯಿತು ನೋಡಿ, "ಹಿಲರಿ ಯಾವಾಗ ಹಿಂದೆ ಸರಿಯುತ್ತಾರೆ" ಅನ್ನುವ ಮಾತು. ಮಾರ್ಚ್ ಕೊನೆಗೆ ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ಬಹಿರಂಗವಾಗಿಯೇ "ಅವರು ಕಣ ಬಿಡಬೇಕು" ಅಂದರು. ಆಗ ಇನ್ನೂ ಪೆನ್ಸಿಲ್ವೇನಿಯಾ ಮತ ಹಾಕಿರಲಿಲ್ಲ. ಇಂಡಿಯಾನಾ ಹಾಕಿರಲಿಲ್ಲ. ನಾರ್ತ್ ಕ್ಯಾರೊಲಿನಾ, ವೆಸ್ಟ್ ವರ್ಜೀನಿಯಾ, ಕೆಂಟಕಿ, ಓರೆಗಾನ್, ಮೊಂಟಾನಾ, ಸೌತ್ ಡಕೋಟಾ, ಪೋರ್ಟೊರಿಕೊ ಯಾವುದೂ ಹಾಕಿರಲಿಲ್ಲ. ಒಬಾಮಾ ಅವರೇ "ಅವರಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ" ಅಂದರು, ಅದು ಬೇರೆ ಮಾತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದರು. ನರ್ಸ್ ಆಗಿ ನಿವೃತ್ತರಾದವರು. ಇಂಡಿಯಾನಾದ ಪ್ರೈಮರಿ ಬರುವುದೇ ಮೇ ತಿಂಗಳಲ್ಲಿ. ಅಷ್ಟರಲ್ಲಿ ಪ್ರತಿ ಸಲವೂ ಎಲ್ಲ ತೀರ್ಮಾನ ಆಗಿ ಹೋಗಿರುತ್ತದೆ, ಉಂಡವರು ಎದ್ದು ಎಲೆ ತೆಗೆದ ಮೇಲೆ ಪಂಕ್ತಿಗೆ ಕರೆದ ಹಾಗೆ. ತಮ್ಮ ಮತಕ್ಕೆ ನಿಜವಾಗಿ ಬೆಲೆ ಬಂದ ಪ್ರೈಮರಿ ಅವರಿಗೆ ನೆನಪಿದ್ದದ್ದು ಒಂದೇ, 1968ರದ್ದು. ರಾಬರ್ಟ್ ಕೆನಡಿ ಇಂಡಿಯಾನಾಕ್ಕೆ ಬಂದು ಗೆದ್ದ ವರ್ಷ. ಆ ಏಪ್ರಿಲ್ 4ರ ರಾತ್ರಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿಯನ್ನು ಇದೇ ಇಂಡಿಯಾನಾಪೊಲಿಸ್‌ನಲ್ಲಿ ಗುಂಪಿಗೆ ಹೇಳಿದ್ದು ಕೆನಡಿ. ಅದನ್ನು ಅವರು ನನಗೆ ಮೂರು ನಾಲ್ಕು ಸಲ ಹೇಳಿದ್ದಾರೆ, ಪ್ರತಿ ಸಲವೂ ಧ್ವನಿ ಇಳಿಸಿಯೇ.

ಅದಾಗಿ 40 ವರ್ಷ. ಅವರ ಅಂಗಳದಲ್ಲಿ ಹಿಲರಿ ಬೋರ್ಡ್ ನಿಂತಿತು. ಮೇ 6ರ ಬೆಳಗ್ಗೆ ಆರು ಗಂಟೆಗೆ ಮತಗಟ್ಟೆ ತೆರೆಯುವ ಹೊತ್ತಿಗೆ ನಾನೇ ಕಾರಿನಲ್ಲಿ ಬಿಟ್ಟೆ. ನನಗೆ ಮತ ಇರಲಿಲ್ಲ, ವೀಸಾ ಮೇಲೆ ಇದ್ದವಳು. ಹೊರಗೆ ಕಾಯುತ್ತಾ ನಿಂತೆ. ಸಾಲು ಗೋಡೆ ಸುತ್ತಿ ಪಾರ್ಕಿಂಗ್ ತನಕ ಬಂದಿತ್ತು. ಅವರು ಗುರುತಿನ ಚೀಟಿಯನ್ನು ಪರ್ಸಿನಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡಿದ್ದರು, ಎಲ್ಲಿ ಕಳೆದುಹೋಗುತ್ತದೋ ಅನ್ನುವ ಹಾಗೆ. ಆ ರಾತ್ರಿ ಲೇಕ್ ಕೌಂಟಿಯ ಎಣಿಕೆ ಮುಗಿಯಲೇ ಇಲ್ಲ. ನಡುರಾತ್ರಿ ದಾಟಿದ ಮೇಲೆ ಗೊತ್ತಾಯಿತು. 12 ಲಕ್ಷಕ್ಕೂ ಜಾಸ್ತಿ ಮತಗಳಲ್ಲಿ ಸುಮಾರು 14 ಸಾವಿರದಿಂದ ಹಿಲರಿ ಗೆದ್ದಿದ್ದರು. ಅದೇ ದಿನ ನಾರ್ತ್ ಕ್ಯಾರೊಲಿನಾದಲ್ಲಿ ಚೆನ್ನಾಗಿ ಸೋತಿದ್ದರು. ಟಿವಿಯವರು ಅವತ್ತೇ "ಮುಗಿಯಿತು" ಅಂದರು.

ಹಿಲರಿ ಮಾರ್ಚ್‌ನಲ್ಲೇ ಸರಿದಿದ್ದರೆ ಆ ಸಾಲೇ ಇರುತ್ತಿರಲಿಲ್ಲ. ನನ್ನ ಮಾತು ಇಷ್ಟು: ಕೊನೆಯ ರಾಜ್ಯ ಮತ ಹಾಕುವ ತನಕ ಹಿಂದೆ ಬಿದ್ದವರಿಗೂ ಇರುವ ಹಕ್ಕಿದೆ. ಆ ಹಕ್ಕು ಅವರದ್ದು ಮಾತ್ರ ಅಲ್ಲ, ಇನ್ನೂ ಮತ ಹಾಕದವರದ್ದು. ನೀವೇನು ಹೇಳುತ್ತೀರಿ?

ಲೆಕ್ಕದ ಮೇಷ್ಟ್ರು:

ಭಾವನೆ ಅರ್ಥ ಆಗುತ್ತದೆ. ಆದರೆ ಲೆಕ್ಕ ನೋಡಿ ಸ್ವಾಮಿ. ಡೆಮಾಕ್ರಟಿಕ್ ಪಕ್ಷದಲ್ಲಿ ಗೆದ್ದವರಿಗೇ ಎಲ್ಲ ಅನ್ನುವ ನಿಯಮ ಇಲ್ಲ. 15% ದಾಟಿದವರಿಗೆಲ್ಲ ಮತದ ಪಾಲಿಗೆ ತಕ್ಕಷ್ಟು ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು. ಒಂದು ಕ್ಷೇತ್ರಕ್ಕೆ 4 ಡೆಲಿಗೇಟ್ ಇದ್ದರೆ ನೀವು 55–45ರಿಂದ ಗೆದ್ದರೂ 2–2. ಮೂರು ಸಿಗಬೇಕಾದರೆ 62.5% ದಾಟಬೇಕು! ಇಂಥ ಪದ್ಧತಿಯಲ್ಲಿ ಒಮ್ಮೆ ನೂರಕ್ಕೂ ಮೇಲೆ ಡೆಲಿಗೇಟ್ ಹಿಂದೆ ಬಿದ್ದರೆ ಎದ್ದು ಬರುವುದು ಆಗದ ಮಾತು.

ಉದಾಹರಣೆ ಕೊಡುತ್ತೇನೆ. ಏಪ್ರಿಲ್ 22ಕ್ಕೆ ಪೆನ್ಸಿಲ್ವೇನಿಯಾದಲ್ಲಿ ಹಿಲರಿ 2 ಲಕ್ಷಕ್ಕೂ ಜಾಸ್ತಿ ಮತದಿಂದ ಗೆದ್ದರು. ಡೆಲಿಗೇಟ್ ಹಂಚಿಕೆ 85–73. ಅಂದರೆ ಲಾಭ 12. ಫೆಬ್ರವರಿ 5ಕ್ಕೆ ಐಡಹೋ ಅನ್ನುವ ಚಿಕ್ಕ ರಾಜ್ಯದ ಕಾಕಸ್‌ನಲ್ಲಿ (ಜನ ಒಂದೆಡೆ ಸೇರಿ ತಮ್ಮ ಅಭ್ಯರ್ಥಿ ಯಾರು ಅಂತ ಹೇಳುವ ಸಭೆ) ಒಬಾಮಾ 15–3ರಿಂದ ಗೆದ್ದರು. ಅಲ್ಲಿ ಬಂದಿದ್ದ ಜನ ಸುಮಾರು 21 ಸಾವಿರ. ಲಾಭ ಎಷ್ಟು? ಅದೂ 12. ನ್ಯೂಜೆರ್ಸಿಯಲ್ಲಿ ಹಿಲರಿ ಶೇಕಡಾ ಹತ್ತರಷ್ಟು ಅಂತರದಿಂದ ಗೆದ್ದು ಪಡೆದದ್ದು 11 ಮಾತ್ರ. ಒಬಾಮಾ ಕಡೆಯವರು ಈ ಲೆಕ್ಕವನ್ನು ಮೊದಲೇ ಹಾಕಿದ್ದರು, ಹಿಲರಿ ಕಡೆಯವರು ಹಾಕಿರಲಿಲ್ಲ. ಸೋತದ್ದು ಅಲ್ಲಿ, ಮೇ ತಿಂಗಳಲ್ಲಿ ಅಲ್ಲ.

ಮಾರ್ಚ್ 4ಕ್ಕೆ ಒಹಾಯೊ ಗೆದ್ದ ಮೇಲೂ ಕತೆ ಅಷ್ಟೇ. ಅವತ್ತೇ ಟೆಕ್ಸಸ್‌ನಲ್ಲೂ ಅವರು ಪ್ರೈಮರಿ ಗೆದ್ದರು, ಆದರೆ ಅಲ್ಲಿ ಕಾಕಸ್ ಕೂಡ ಇತ್ತು, ಎರಡೂ ಸೇರಿ ಡೆಲಿಗೇಟ್ ಜಾಸ್ತಿ ಬಂದದ್ದು ಒಬಾಮಾಗೆ. ದಾರಿ ಮುಚ್ಚಿದೆ ಅಂತ ತಂಡದವರಿಗೆ ಗೊತ್ತಿತ್ತು. ಗೊತ್ತಿದ್ದೂ ಜನರಿಂದ ದುಡ್ಡು ಕೇಳುವುದು ಸರಿನಾ?

ಇಂಡಿಯಾನಾ ಕನ್ನಡತಿ:

ಮೇಷ್ಟ್ರೇ, ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಮಾತು ಬಿಟ್ಟಿರಿ. ಸೂಪರ್ ಡೆಲಿಗೇಟ್‌ಗಳು. ಸುಮಾರು 800 ಜನ. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು. ಇವರು ಯಾರಿಗೆ ಬೇಕಾದರೂ ಮತ ಹಾಕಬಹುದಿತ್ತು, ಕೊನೆ ಗಳಿಗೆಯಲ್ಲಿ ಮನಸ್ಸೂ ಬದಲಿಸಬಹುದಿತ್ತು. ಗೆದ್ದ ಡೆಲಿಗೇಟ್‌ಗಳಿಂದ ಮಾತ್ರ ಒಬಾಮಾ ಕೂಡ ಬೇಕಾದ ಸಂಖ್ಯೆ ಮುಟ್ಟಲಿಲ್ಲ. ಜೂನ್ 3ಕ್ಕೆ ಮುಟ್ಟಿದ್ದು ಈ ಸೂಪರ್ ಡೆಲಿಗೇಟ್‌ಗಳ ಬೆಂಬಲ ಸೇರಿಸಿಯೇ. ಹಾಗಿದ್ದ ಮೇಲೆ ಮಾರ್ಚ್‌ನಲ್ಲೇ ಬಾಗಿಲು ಮುಚ್ಚಿತ್ತು ಅನ್ನುವುದು ಹೇಗೆ? ಕಿರಿದಾಗಿತ್ತು, ಅಷ್ಟೇ.

ದಾವಣಗೆರೆ ಬೆಣ್ಣೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೊಡುತ್ತದೆ, ಮುಗಿಯಿತು. ಅಲ್ಲಿ ಆರು ತಿಂಗಳು ಪಕ್ಷದವರೇ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಆಮೇಲೆ ಒಂದಾಗಿ ಪ್ರಚಾರ ಮಾಡುತ್ತಾರೆ. ಅದು ಹೇಗೆ ಸಾಧ್ಯ? ಇಲ್ಲಿ ಟಿಕೆಟ್ ತಪ್ಪಿದವರು ಮರುದಿನವೇ ಬಂಡಾಯ ನಿಲ್ಲುತ್ತಾರೆ.

ಇಂಡಿಯಾನಾ ಕನ್ನಡತಿ:

ಒಳ್ಳೆ ಪ್ರಶ್ನೆ. ನನಗನ್ನಿಸುವುದು, ಬಂಡಾಯ ಜಾಸ್ತಿ ಏಳುವುದು ಯಾರನ್ನೂ ಕೇಳದೆ ತೀರ್ಮಾನ ಮಾಡಿದಾಗ. ಎಣಿಸಿ ಸೋತವರಿಗೆ ಸೋಲನ್ನು ಒಪ್ಪುವುದು ಕಷ್ಟ, ಆದರೂ ಒಪ್ಪುತ್ತಾರೆ. ಎಣಿಸದೇ ಸೋಲಿಸಿದರೆ ಒಪ್ಪುವುದಿಲ್ಲ.

ಹಳೇ ಪೇಪರ್ ಕಟ್ಟು:

ನಾನು ಸ್ವಲ್ಪ ವಯಸ್ಸಾದವನು, ಹಳೇದನ್ನು ನೆನಪಿಸುತ್ತೇನೆ. 1976ರಲ್ಲಿ ರೀಗನ್ ಹಾಲಿ ಅಧ್ಯಕ್ಷ ಫೋರ್ಡ್ ವಿರುದ್ಧ ಪ್ರೈಮರಿಗೆ ಇಳಿದರು. ಕನ್ಸಾಸ್ ಸಿಟಿ ಸಮಾವೇಶದ ತನಕ ಬಿಡಲಿಲ್ಲ. ಡೆಲಿಗೇಟ್ ಎಣಿಕೆ ಫೋರ್ಡ್ 1187, ರೀಗನ್ 1070. ಅಷ್ಟು ಹತ್ತಿರ. ನವೆಂಬರ್‌ನಲ್ಲಿ ಫೋರ್ಡ್ ಕಾರ್ಟರ್‌ಗೆ ಸೋತರು. 1980ರಲ್ಲಿ ಅದೇ ಕಾರ್ಟರ್ ಮೇಲೆ ಅವರ ಪಕ್ಷದವರೇ ಆದ ಎಡ್ವರ್ಡ್ ಕೆನಡಿ (ರಾಬರ್ಟ್ ಕೆನಡಿಯ ತಮ್ಮ) ನಿಂತರು. ತುಂಬಾ ಹಿಂದೆ ಇದ್ದರು, ಆದರೂ ನ್ಯೂಯಾರ್ಕ್ ಸಮಾವೇಶದ ತನಕ ಎಳೆದರು. ಕೊನೆ ದಿನ ವೇದಿಕೆ ಮೇಲೆ ಕಾರ್ಟರ್ ಕೈ ಹಿಡಿದು ಎತ್ತಲು ನೋಡುತ್ತಾರೆ, ಕೆನಡಿ ಕೈಕುಲುಕಿ ಅತ್ತ ಸರಿಯುತ್ತಾರೆ. ಇಡೀ ದೇಶ ಅದನ್ನು ನೋಡಿತು. ನವೆಂಬರ್‌ನಲ್ಲಿ ಕಾರ್ಟರ್ ಸೋತರು. ಮನೆಯಲ್ಲಿ ಜಗಳ ಬೀದಿಗೆ ಬಂದರೆ ಪಕ್ಕದ ಮನೆಯವರಿಗೆ ಲಾಭ ತಾನೇ?

2008ರಲ್ಲಿ ಜಾನ್ ಮೆಕೇನ್ ಮಾರ್ಚ್ 4ಕ್ಕೇ ರಿಪಬ್ಲಿಕನ್ ಟಿಕೆಟ್ ಗೆದ್ದು ಆರಾಮಾಗಿ ಕೂತಿದ್ದರು. ಅವರ ಎದುರಾಳಿ ಮೈಕ್ ಹಕಬಿ ಅವತ್ತೇ ಹಿಂದೆ ಸರಿದರು. ಅದು ಮರ್ಯಾದೆ.

ಇಂಡಿಯಾನಾ ಕನ್ನಡತಿ:

ಹಿರಿಯರೇ, ನೀವು ಕೊಟ್ಟ ಉದಾಹರಣೆಗಳನ್ನೇ ತೆಗೆದುಕೊಳ್ಳೋಣ. ಕಾರ್ಟರ್ ಸೋತದ್ದು ಕೆನಡಿಯಿಂದ ಮಾತ್ರ ಅಂತ ಹೇಳಲು ಆಗುತ್ತದಾ? ಇರಾನ್‌ನಲ್ಲಿ ಅಮೆರಿಕದವರು ಒತ್ತೆಯಲ್ಲಿದ್ದರು, ಬೆಲೆ ಗಗನಕ್ಕೆ ಏರಿತ್ತು. ಹಗರಣದಲ್ಲಿ ಅಧ್ಯಕ್ಷ ಹುದ್ದೆ ಬಿಟ್ಟ ನಿಕ್ಸನ್‌ಗೆ ಫೋರ್ಡ್ ಕ್ಷಮೆ ಕೊಟ್ಟದ್ದನ್ನು ಜನ ಮರೆತಿರಲಿಲ್ಲ. ಅಧ್ಯಕ್ಷರು ದುರ್ಬಲರಾಗಿದ್ದಕ್ಕೇ ಸ್ವಂತ ಪಕ್ಷದವರು ಎದುರು ನಿಂತರು. ನಾವು ಜ್ವರವನ್ನೂ ರೋಗವನ್ನೂ ಅದಲು ಬದಲು ಮಾಡಿಕೊಳ್ಳಬಾರದು.

ಇನ್ನು ರೀಗನ್. 1976ರಲ್ಲಿ ಮೊದಲ ಐದು ಪ್ರೈಮರಿ ಸಾಲಾಗಿ ಸೋತರು. ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ವರ್ಮಾಂಟ್, ಫ್ಲಾರಿಡಾ, ಇಲಿನಾಯ್. ಪಕ್ಷದ ದೊಡ್ಡವರೆಲ್ಲ "ಸಾಕು, ಬಿಡಿ" ಅಂದರು. ಮಾರ್ಚ್ 23ಕ್ಕೆ ನಾರ್ತ್ ಕ್ಯಾರೊಲಿನಾ ಗೆದ್ದರು. ಆಮೇಲೆ ಟೆಕ್ಸಸ್ ಗೆದ್ದರು. ನಾಲ್ಕು ವರ್ಷ ಆದ ಮೇಲೆ ಅವರೇ ಅಧ್ಯಕ್ಷ. ಅವತ್ತು ಫ್ಲಾರಿಡಾ ಸೋತ ರಾತ್ರಿಯೇ ಮನೆಗೆ ಹೋಗಿದ್ದರೆ 1980 ಹೀಗೇ ಆಗುತ್ತಿತ್ತು ಅಂತ ನಾನು ನಂಬುವುದಿಲ್ಲ.

ನೀವು ಹೇಳಿದ ಮೆಕೇನ್ ಆರಾಮಾಗಿ ಕೂತದ್ದು ಅವರಿಗೆ ಒಳ್ಳೆಯದಾಯಿತಾ? ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಆ ಸೆಪ್ಟೆಂಬರ್‌ನಲ್ಲಿ ನಾನು ಒಬಾಮಾ ಪ್ರಚಾರ ಕಚೇರಿಗೆ ಶನಿವಾರ ಶನಿವಾರ ಹೋಗುತ್ತಿದ್ದೆ. ಸಂಬಳವಿಲ್ಲದ ಸ್ವಯಂಸೇವೆಗೆ ವೀಸಾದವರಿಗೂ ಅಡ್ಡಿ ಇಲ್ಲ. ನನಗೆ ಕೊಟ್ಟ ಕೆಲಸ ಮನೆ ಮನೆಯ ಪಟ್ಟಿ ನೋಡಿ ಕಂಪ್ಯೂಟರ್‌ಗೆ ಹಾಕುವುದು. ಆ ಹಾಳೆಗಳು ಹೊಸವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪ್ರೈಮರಿಗಾಗಿ ಬಾಗಿಲು ತಟ್ಟಿದವರು ಬರೆದಿಟ್ಟದ್ದು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದರು. "ನಾಯಿ ಇದೆ, ಹಿತ್ತಲ ಬಾಗಿಲಿಗೆ ಹೋಗಿ." "ಮಗ ಇರಾಕ್‌ನಲ್ಲಿದ್ದಾನೆ, ಯುದ್ಧದ ಮಾತು ನಿಧಾನಕ್ಕೆ ಎತ್ತಿ." "ಹಿಲರಿ ಕಡೆ, ಆದರೆ ಮಾತಾಡಿಸುತ್ತಾರೆ." ಒಂದು ಹಾಳೆಯಲ್ಲಿ ಒಂದೇ ಬೀದಿಯ ಹತ್ತಾರು ಮನೆಗಳ ವಿಷಯ ಇಷ್ಟು ವಿವರವಾಗಿ ಇತ್ತು. ಪ್ರೈಮರಿ ಮಾರ್ಚ್‌ಗೇ ಮುಗಿದಿದ್ದರೆ ಆ ಬೀದಿಗೆ ಯಾರೂ ಕಾಲೇ ಇಡುತ್ತಿರಲಿಲ್ಲ. ಇಂಡಿಯಾನಾ ಅಂದರೆ ರಿಪಬ್ಲಿಕನ್ ರಾಜ್ಯ, ಸುಮ್ನೆ ಯಾಕೆ ದುಡ್ಡು ಸುರಿಯುವುದು ಅಂತ ಬಿಟ್ಟುಬಿಡುತ್ತಿದ್ದರು.

ನವೆಂಬರ್‌ನಲ್ಲಿ ಒಬಾಮಾ ಇಂಡಿಯಾನಾ ಗೆದ್ದರು. ಸುಮಾರು 28 ಸಾವಿರ ಮತದಿಂದ. 1964ರ ನಂತರ ಇಲ್ಲಿ ಗೆದ್ದ ಮೊದಲ ಡೆಮಾಕ್ರಟ್ ಅವರು. ಅದೇ ಮೇ 6ಕ್ಕೆ ಪ್ರೈಮರಿ ನಡೆದಿದ್ದ ನಾರ್ತ್ ಕ್ಯಾರೊಲಿನಾವನ್ನೂ ಗೆದ್ದರು, ಅಲ್ಲಿ ಅಂತರ ಸುಮಾರು 14 ಸಾವಿರ, 1976ರ ನಂತರ ಮೊದಲ ಸಲ. ಆ ವರ್ಷ ಆರ್ಥಿಕ ಕುಸಿತ ಆಗಿತ್ತು, ಬುಷ್ ಮೇಲೆ ಜನಕ್ಕೆ ಬೇಸರ ಇತ್ತು, ಅದೆಲ್ಲ ನಿಜ. ಆದರೆ 28 ಸಾವಿರ ಅಂದರೆ ಒಂದೊಂದು ಬೀದಿಯಿಂದ ಒಂದೆರಡು ಮತ. ಅದು ಆ ಪೆನ್ಸಿಲ್ ಹಾಳೆಗಳಿಂದ ಬಂತು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಅಂಗಡಿ ಹುಡುಗ:

ಅಕ್ಕ, ನೀವು ಹೇಳುವುದು ಮತದಾರರ ಕಡೆಯಿಂದ. ಇನ್ನೊಂದು ಕಡೆ ನಾನು ಹೇಳುತ್ತೇನೆ. ನಾನು ಓದುವಾಗ ಒಂದು ಚಿಕ್ಕ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಯಾವ ಊರು, ಯಾವ ಅಭ್ಯರ್ಥಿ, ಯಾವ ವರ್ಷ ಹೇಳುವುದಿಲ್ಲ, ಬೇಡ. ಸೋಲುತ್ತಿದ್ದ ಒಬ್ಬರ ಕಡೆಯವರು ಕೊನೆ ವಾರದಲ್ಲಿ ಅಂಗಳದ ಬೋರ್ಡ್‌ಗಳಿಗೆ ಆರ್ಡರ್ ಕೊಟ್ಟರು. ತುರ್ತು ಅಂದರು. ನಾವು ಮೂರು ಜನ ಎರಡು ರಾತ್ರಿ ನಿದ್ದೆ ಕೆಟ್ಟು ಮುಗಿಸಿದೆವು. ಬಣ್ಣ ಒಣಗುವ ಮೊದಲೇ ಎತ್ತಿಕೊಂಡು ಹೋದರು, ಒಂದರ ನೀಲಿ ಇನ್ನೊಂದಕ್ಕೆ ಅಂಟಿತ್ತು. ವಾರ ಆದ ಮೇಲೆ ಅಭ್ಯರ್ಥಿ ಕಣದಿಂದ ಸರಿದರು. ಬಿಲ್ಲಿನ ಹಣ ಬರಲು ಒಂದು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಮಾಲೀಕರು ನಮ್ಮಲ್ಲಿ ಒಬ್ಬನನ್ನು ಕೆಲಸದಿಂದ ಬಿಡಿಸಬೇಕಾಯಿತು.

ಹಿಲರಿ ವಿಷಯದಲ್ಲೂ ಜೂನ್ ಹೊತ್ತಿಗೆ ಸಾಲ 2 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ಅವರ ಸ್ವಂತ ಹಣವೇ 1 ಕೋಟಿ ಡಾಲರ್‌ಗೂ ಮೇಲೆ. ಕೊನೆಗೆ ಒಬಾಮಾ ತಮ್ಮ ದೇಣಿಗೆದಾರರಿಗೆ "ಅವರ ಸಾಲ ತೀರಿಸಲು ಕೈ ಜೋಡಿಸಿ" ಅನ್ನಬೇಕಾಯಿತು. ಇರುವ ಹಕ್ಕು ಇದೆ ಸರಿ. ಇರುವ ಖರ್ಚನ್ನು ಯಾರು ಹೊರಬೇಕು?

ಇಂಡಿಯಾನಾ ಕನ್ನಡತಿ:

ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಸ್ವಂತ ದುಡ್ಡು ಹಾಕಿ ಇರಲಿ, ಆದರೆ ಅಂಗಡಿಯವರಿಗೆ ಮೊದಲೇ ಕೊಟ್ಟು ಇರಬೇಕು. ಇದನ್ನು ನನ್ನ ಮಾತಿಗೆ ಸೇರಿಸಿಕೊಳ್ಳುತ್ತೇನೆ.

ಮಿಷಿಗನ್ ಮಂಜು:

ಎಲ್ಲರೂ ಒಂದು ದೊಡ್ಡ ವಿಷಯ ಬಿಟ್ಟಿದ್ದೀರಿ. ಮಿಷಿಗನ್, ಫ್ಲಾರಿಡಾ. ಈ ಎರಡು ರಾಜ್ಯ ಪಕ್ಷದ ವೇಳಾಪಟ್ಟಿ ಮುರಿದು ಜನವರಿಯಲ್ಲೇ ಪ್ರೈಮರಿ ಮಾಡಿದವು. ಅದಕ್ಕೆ ಅವುಗಳ ಎಲ್ಲ ಡೆಲಿಗೇಟ್‌ಗಳನ್ನೂ ಪಕ್ಷ ಕಿತ್ತುಕೊಂಡಿತು. ಅಲ್ಲಿ ಪ್ರಚಾರ ಮಾಡುವುದಿಲ್ಲ ಅಂತ ಅಭ್ಯರ್ಥಿಗಳು ಮಾತು ಕೊಟ್ಟಿದ್ದರು, ಹಿಲರಿ ಕೂಡ. ಮಿಷಿಗನ್ ಮತಪತ್ರದಲ್ಲಿ ಒಬಾಮಾ ಹೆಸರೇ ಇರಲಿಲ್ಲ! ಹಿಲರಿಗೆ 55%, "ಯಾರಿಗೂ ಬದ್ಧರಲ್ಲ" ಅನ್ನುವ ಖಾನೆಗೆ 40%.

ಆಮೇಲೆ ಹಿಂದೆ ಬಿದ್ದಾಗ ಅದೇ ಹಿಲರಿ ಕಡೆಯವರು "ಮಿಷಿಗನ್ ಮತವನ್ನೂ ಪೂರ್ತಿ ಎಣಿಸಿ" ಅಂದರು. ಮೇ 31ರಂದು ವಾಷಿಂಗ್ಟನ್‌ನಲ್ಲಿ ನಿಯಮ ಸಮಿತಿ ದಿನವಿಡೀ ಕೂತು ಪ್ರತಿ ಡೆಲಿಗೇಟ್‌ಗೆ ಅರ್ಧ ಮತ ಅಂತ ತೀರ್ಮಾನಿಸಿತು. ಸಭೆಯಲ್ಲಿ ಕೂಗಾಟ. ಗೆಲ್ಲಲು ಬೇಕಾದ ಸಂಖ್ಯೆ 2025ರಿಂದ 2118 ಆಯಿತು. ಆಟ ಶುರುವಾದ ಮೇಲೆ ಬೌಂಡರಿ ಗೆರೆ ಎಳೆದು ಆಚೆ ಇಟ್ಟ ಹಾಗೆ. ಕಣದಲ್ಲಿ ಇರುವುದು ಬೇರೆ, ನಿಯಮ ಬದಲಿಸಿ ಅನ್ನುವುದು ಬೇರೆ. ಕನ್ನಡತಿ ಅವರೇ, ಇದನ್ನೂ ಒಪ್ಪುತ್ತೀರಾ?

ಲೆಕ್ಕದ ಮೇಷ್ಟ್ರು:

ಇದಕ್ಕೆ ಇನ್ನೊಂದು ಸೇರಿಸಿ. ತಡವಾದಷ್ಟೂ ಬಾಯಿಂದ ತಪ್ಪು ಮಾತು ಬರುತ್ತದೆ. ಮೇ ತಿಂಗಳಲ್ಲಿ ಒಂದು ಸಂದರ್ಶನದಲ್ಲಿ ಹಿಲರಿ "ಕಷ್ಟಪಟ್ಟು ದುಡಿಯುವ ಬಿಳಿಯರಲ್ಲಿ ಒಬಾಮಾ ಬೆಂಬಲ ಕುಸಿಯುತ್ತಿದೆ" ಅನ್ನುವ ಅರ್ಥದ ಮಾತು ಆಡಿದರು. ಎಷ್ಟು ಜನಕ್ಕೆ ನೋವಾಯಿತು ಗೊತ್ತಾ? ಮೇ 23ಕ್ಕೆ ಸೌತ್ ಡಕೋಟಾದಲ್ಲಿ ಯಾಕೆ ಇನ್ನೂ ಇದ್ದೀರಿ ಅಂದಿದ್ದಕ್ಕೆ, 1992ರಲ್ಲಿ ಗಂಡನ ಟಿಕೆಟ್ ಖಚಿತವಾದದ್ದು ಜೂನ್‌ನಲ್ಲೇ ಅಂದರು, ಅಲ್ಲಿಗೆ ನಿಲ್ಲಿಸಲಿಲ್ಲ. ರಾಬರ್ಟ್ ಕೆನಡಿ ಕೊಲೆಯಾದದ್ದು ಜೂನ್‌ನಲ್ಲಿ ಅಂತ ಸೇರಿಸಿದರು. ಒಬ್ಬ ಕಪ್ಪು ಅಭ್ಯರ್ಥಿಯ ಜೀವದ ಬಗ್ಗೆ ದೇಶವೇ ಆತಂಕದಲ್ಲಿದ್ದಾಗ! ಅವತ್ತೇ ವಿಷಾದ ಹೇಳಿದರು, ಆದರೆ ಆಡಿದ್ದು ಆಡಿದ್ದೇ.

ಇಂಡಿಯಾನಾ ಕನ್ನಡತಿ:

ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ. ಮಿಷಿಗನ್ ವಿಷಯದಲ್ಲಿ ಹಿಲರಿ ಕಡೆಯವರು ಮಾಡಿದ್ದು ತಪ್ಪು. ಒಬ್ಬರ ಹೆಸರೇ ಇಲ್ಲದ ಪತ್ರದ ಮೇಲೆ ಗೆದ್ದೆ ಅನ್ನಬಾರದು. ಆ ಕೆನಡಿ ಮಾತಿನ ದಿನ ನಮ್ಮ ಪಕ್ಕದ ಮನೆಯವರು ನನ್ನ ಹತ್ತಿರ ಮಾತೇ ಆಡಲಿಲ್ಲ. ಬಾಗಿಲು ತೆರೆದು, "ಇವತ್ತು ಬೇಡ" ಅಂದು ಒಳಗೆ ಹೋದರು. 1968ರ ಆ ರಾತ್ರಿ ಇದೇ ಊರಿನಲ್ಲಿದ್ದ ಹೆಂಗಸಿಗೆ ಅದು ಎಂಥ ಪೆಟ್ಟು ಅಂತ ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಇರಿ, ಆದರೆ ಗೆಲ್ಲುವ ಆಸೆ ಕರಗಿದಷ್ಟೂ ಎದುರಿನವರ ಮೇಲಿನ ಏಟು ಕಮ್ಮಿ ಆಗಬೇಕು, ನಿಮ್ಮ ವಿಷಯದ ಮಾತು ಜಾಸ್ತಿ ಆಗಬೇಕು. ಆರೋಗ್ಯ ವಿಮೆ ಎಲ್ಲರಿಗೂ ಬೇಕು ಅಂತ ಹಿಲರಿ ಊರೂರಲ್ಲಿ ಹೇಳಿದ್ದು ಯಾರಿಗೂ ನಷ್ಟ ಮಾಡಲಿಲ್ಲ.

ಮತ್ತೆ, ಹೊರಗೆ ಹೋದ ರೀತಿಯನ್ನೂ ನೋಡಿ. ಕೊನೆಯ ಎರಡು ರಾಜ್ಯ ಮತ ಹಾಕಿದ್ದು ಜೂನ್ 3ಕ್ಕೆ. ಜೂನ್ 7ಕ್ಕೆ ವಾಷಿಂಗ್ಟನ್‌ನಲ್ಲಿ ನಿಂತು ಒಬಾಮಾಗೆ ಪೂರ್ತಿ ಬೆಂಬಲ ಅಂದರು. ಹೆಣ್ಣುಮಕ್ಕಳು ಮೇಲೇರದಂತೆ ತಡೆಯುವ ಆ ಗಾಜಿನ ಚಾವಣಿಗೆ ಈಗ ತಮಗೆ ಬಿದ್ದ ಮತಗಳಷ್ಟು, 1 ಕೋಟಿ 80 ಲಕ್ಷ ಬಿರುಕು ಬಿದ್ದಿವೆ ಅಂದದ್ದು ಅವತ್ತೇ. ಆಗಸ್ಟ್ 27ಕ್ಕೆ ಡೆನ್ವರ್ ಸಮಾವೇಶದಲ್ಲಿ ರಾಜ್ಯವಾರು ಡೆಲಿಗೇಟ್ ಎಣಿಕೆ ನಡೆಯುತ್ತಾ ನ್ಯೂಯಾರ್ಕ್ ಸರದಿ ಬಂದಾಗ ತಾವೇ ಎದ್ದು, ಎಣಿಕೆ ನಿಲ್ಲಿಸಿ ಒಬಾಮಾರನ್ನು ಒಮ್ಮತದಿಂದ ಆರಿಸೋಣ ಅಂದರು. 1980ರ ಆ ವೇದಿಕೆ ಪಕ್ಕ ಇದನ್ನು ಇಟ್ಟು ನೋಡಿ.

ಕಲಬುರಗಿ ಕಡೆಯವ:

ಪ್ರೈಮರಿ ಅಲ್ಲ, ಆದರೆ ನಮ್ಮ ಮನೆ ಹತ್ತಿರದ್ದೇ ಒಂದು ಹೇಳತೀನಿ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆ ಆಯಿತಲ್ಲ, ಮಲ್ಲಿಕಾರ್ಜುನ ಖರ್ಗೆ ಒಂದು ಕಡೆ, ಶಶಿ ತರೂರ್ ಇನ್ನೊಂದು ಕಡೆ. ಖರ್ಗೆಯವರೇ ಗೆಲ್ಲೋದು ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮೂರಿನವರಿಗಂತೂ ಮೊದಲೇ ಖುಷಿ. ನಿಜಲಿಂಗಪ್ಪನವರ ನಂತರ ಕರ್ನಾಟಕದವರು ಆ ಕುರ್ಚಿ ಮೇಲೆ ಕೂರೋ ಸಮಯ. ತರೂರ್ ವಾಪಸ್ ತಗೊಂಡಿದ್ದರೆ ಅವಿರೋಧ ಆಯ್ಕೆ, ಎಲ್ಲ ಸಲೀಸು.

ತಗೊಳ್ಳಲಿಲ್ಲ. 7897–1072. ಸೋಲು ದೊಡ್ಡದೇ. ಆದರೆ 2000ದಲ್ಲಿ ಸೋನಿಯಾ ಎದುರು ಜಿತೇಂದ್ರ ಪ್ರಸಾದ ನಿಂತಾಗ ಬಿದ್ದದ್ದು 94 ಮತ. ಅದರ ಮುಂದೆ 1072 ಎಷ್ಟು ದೊಡ್ಡದು ನೋಡಿ. ಮರುವರ್ಷ ತರೂರ್‌ಗೆ ಕಾರ್ಯಕಾರಿ ಸಮಿತಿಯಲ್ಲಿ ಜಾಗ ಸಿಕ್ಕಿತು. ಖರ್ಗೆಯವರಿಗೂ ಅದು ಒಳ್ಳೇದೇ ಆಯಿತು ಅಂತ ನಾನು ಹೇಳತೀನಿ. ಕೈ ಎತ್ತಿ ಕೂರಿಸಿದ ಅಧ್ಯಕ್ಷ ಬೇರೆ, ಮತ ಎಣಿಸಿ ಕೂತ ಅಧ್ಯಕ್ಷ ಬೇರೆ.

ನೇತ್ರಾವತಿ ದಂಡೆ:

ನಮ್ಮಲ್ಲೂ ಪ್ರೈಮರಿ ಪ್ರಯೋಗ ಆಗಿತ್ತು, ನೆನಪಿದೆಯಾ? 2014ರ ಲೋಕಸಭೆಗೆ ಕಾಂಗ್ರೆಸ್‌ನವರು ಕೆಲವೇ ಕ್ಷೇತ್ರಗಳಲ್ಲಿ ಕಾರ್ಯಕರ್ತರಿಂದ ಅಭ್ಯರ್ಥಿ ಆರಿಸಿದರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ನಮ್ಮಲ್ಲಿ ಜನಾರ್ದನ ಪೂಜಾರಿ ಗೆದ್ದು ಟಿಕೆಟ್ ಪಡೆದರು, ಚುನಾವಣೆಯಲ್ಲಿ ಸೋತರು. ಬೆಂಗಳೂರು ಉತ್ತರದಲ್ಲೂ ಸೋಲೇ. ಒಂದೇ ದಿನದಲ್ಲಿ ಮುಗಿಯುವ ಪ್ರೈಮರಿಯಲ್ಲಿ ಹಿಂದೆ ಬೀಳುವುದು, ಉಳಿಯುವುದು ಅನ್ನುವ ಮಾತೇ ಇಲ್ಲ. ತಿಂಗಳುಗಟ್ಟಲೆ ರಾಜ್ಯದಿಂದ ರಾಜ್ಯಕ್ಕೆ ಹೋಗುವುದರಿಂದಲೇ ಅಮೆರಿಕದಲ್ಲಿ ಈ ಪ್ರಶ್ನೆ ಏಳುವುದು. ಹಾಗಾದರೆ ಎಲ್ಲ ರಾಜ್ಯಕ್ಕೂ ಒಂದೇ ದಿನ ಮಾಡಿದರೆ ಆಗದಾ?

ಮಿಷಿಗನ್ ಮಂಜು:

ಮಾಡಿದರೆ ದುಡ್ಡಿದ್ದವರೇ ಗೆಲ್ಲುತ್ತಾರೆ ಅಕ್ಕ. 2007ರಲ್ಲಿ ಒಂದೇ ದಿನ ಮತ ಹಾಕಿಸಿದ್ದರೆ ಹಿಲರಿ ಗೆದ್ದು ಮನೆಗೆ ಹೋಗುತ್ತಿದ್ದರು. ಒಬಾಮಾ ಅಯೋವಾದಲ್ಲಿ ಮನೆ ಮನೆ ತಿರುಗಿದ್ದಕ್ಕೇ ಮೇಲೆ ಬಂದದ್ದು.

ಹಳೇ ಪೇಪರ್ ಕಟ್ಟು:

ಮಗಳೇ, ರೀಗನ್ ವಿಷಯದಲ್ಲಿ ನೀನು ಹೇಳಿದ್ದು ಸರಿ. ಆದರೆ 2016? ಪ್ರೈಮರಿಯಲ್ಲಿ ಹಿಲರಿ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಜೂನ್ ಮುಗಿದರೂ ಬಿಡಲಿಲ್ಲ. ಹಿಲರಿಗೆ ಬೆಂಬಲ ಅಂದದ್ದು ಜುಲೈ 12ಕ್ಕೆ. ನವೆಂಬರ್‌ನಲ್ಲಿ ಹಿಲರಿ ಟ್ರಂಪ್‌ಗೆ ಸೋತದ್ದು ಎಲ್ಲರಿಗೂ ಗೊತ್ತು.

ಇಂಡಿಯಾನಾ ಕನ್ನಡತಿ:

ಅಪ್ಪಾಜಿ, ಕೊನೆ ರಾಜ್ಯ ಮತ ಹಾಕಿದ ಮೇಲೆ ಒಂದು ತಿಂಗಳು ಎಳೆದದ್ದು ನನಗೂ ಸರಿ ಕಾಣಲಿಲ್ಲ. ಅಲ್ಲಿಯ ತನಕ ಇದ್ದದ್ದು ಸರಿಯೇ. ಅವರು ಉಳಿದಿದ್ದಕ್ಕೇ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಅನ್ನುವ ಮಾತು ಪಕ್ಷದ ಪ್ರಣಾಳಿಕೆಗೆ ಬಂತು. 2018ರಲ್ಲಿ ಪಕ್ಷ ನಿಯಮ ಬದಲಿಸಿ, ಪೈಪೋಟಿ ಇದ್ದರೆ ಸೂಪರ್ ಡೆಲಿಗೇಟ್‌ಗಳು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ ಅಂತ ಮಾಡಿತು, ಅದರ ಹಿಂದೆಯೂ ಆ ಜಗಳವೇ ಇದೆ.

ಬೇಗ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2024 ನೋಡಿ. ರಿಪಬ್ಲಿಕನ್ ಟಿಕೆಟ್‌ಗೆ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಮಾರ್ಚ್ 6ಕ್ಕೆ ಹಿಂದೆ ಸರಿದರು. ಎರಡು ತಿಂಗಳ ಮೇಲೆ ನಮ್ಮ ಇಂಡಿಯಾನಾ ಪ್ರೈಮರಿ. ಕಣದಲ್ಲೇ ಇಲ್ಲದ ಅವರಿಗೆ 21%ಗೂ ಜಾಸ್ತಿ ಮತ ಬಿತ್ತು. ಆ ಜನಕ್ಕೆ ಹೇಳುವುದಕ್ಕೆ ಏನೋ ಇತ್ತು, ಹೇಳಲು ಇದ್ದ ಜಾಗ ಅದೊಂದೇ.

ದಾವಣಗೆರೆ ಬೆಣ್ಣೆ:

ಅಕ್ಕ, ಒಂದು ಕೇಳಬೇಕಿತ್ತು. ಆ ಪಕ್ಕದ ಮನೆಯವರ ಅಂಗಳದ ಬೋರ್ಡ್ ಏನಾಯಿತು?

ಇಂಡಿಯಾನಾ ಕನ್ನಡತಿ:

ಜೂನ್ 7ರ ಭಾಷಣ ಮುಗಿದ ಮೇಲೆ ಅವರೇ ಕಿತ್ತು, ಒರೆಸಿ, ಗ್ಯಾರೇಜಿನಲ್ಲಿ ಗೋಡೆಗೆ ಒರಗಿಸಿ ಇಟ್ಟರು. ನವೆಂಬರ್ 4ರ ಬೆಳಗ್ಗೆ ಮತ್ತೆ ನಾನೇ ಕಾರಿನಲ್ಲಿ ಬಿಟ್ಟೆ. ಒಬಾಮಾಗೆ ಹಾಕಿದೆ ಅಂದರು, ಇನ್ನೇನೂ ಹೇಳಲಿಲ್ಲ.

2016ರ ಏಪ್ರಿಲ್‌ನಲ್ಲಿ ಅದೇ ಬೋರ್ಡ್ ಮತ್ತೆ ಅಂಗಳಕ್ಕೆ ಬಂತು, ಬಣ್ಣ ಸ್ವಲ್ಪ ಮಾಸಿತ್ತು. ಈ ಸಲ ಹಿಲರಿ ಮುಂದಿದ್ದರು, ಸ್ಯಾಂಡರ್ಸ್ ಹಿಂದೆ. ಆದರೂ ಮೇ 3ಕ್ಕೆ ಇಂಡಿಯಾನಾ ಗೆದ್ದದ್ದು ಸ್ಯಾಂಡರ್ಸ್. ಮರುದಿನ ಬೇಲಿ ಹತ್ತಿರ ನಿಂತು ಅವರು ನನ್ನನ್ನು ಕೇಳಿದರು: "ಲೆಕ್ಕ ಮುಗಿದಿದೆ. ಈ ಮನುಷ್ಯ ಯಾಕೆ ಇನ್ನೂ ಹೋಗುತ್ತಿಲ್ಲ?" ನಾನು 2008ರ ಆ ಬೆಳಗ್ಗೆಯ ಸಾಲನ್ನು ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕ್ಯಾಲಿಫೋರ್ನಿಯಾ ಇನ್ನೂ ಹಾಕಿಲ್ಲ ಅಲ್ವಾ?" ಅಂದರು. ಇಲ್ಲ, ಜೂನ್ 7ಕ್ಕೆ ಅಂದೆ. "ಸರಿ, ಅಲ್ಲಿ ತನಕ ಇರಲಿ" ಅಂದು ಗಿಡಕ್ಕೆ ನೀರು ಹಾಕಲು ಹೋದರು.